ಹಾಲ್‌ಸ್ಟಾಟ್‌ಗೆ ಹೋದವರು ಬೆಟ್ಟ ಹತ್ತಿದ್ದೀರಾ? ಉಪ್ಪಿನ ಗಣಿ ಬಗ್ಗೆ ಮಾತಾಡೋಣ

ಬೆಟ್ಟದಹಾದಿ

ಎಲ್ಲರಿಗೂ ನಮಸ್ಕಾರ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಅಂದ ತಕ್ಷಣ ಕಣ್ಣ ಮುಂದೆ ಬರುವುದು ಒಂದೇ ಚಿತ್ರ ಅಲ್ವಾ? ಸರೋವರ, ಅದರ ಅಂಚಿಗೆ ಚೂಪು ಗೋಪುರದ ಚರ್ಚು, ಹಿಂದೆ ಗೋಡೆ ಥರ ಎದ್ದು ನಿಂತ ಬೆಟ್ಟ. ನಾನೂ ಅದನ್ನೇ ನೋಡೋಕೆ ಅಂತ ಹೋದವಳು. ಎರಡು ರಾತ್ರಿ ಉಳಿದಿದ್ದೆ. ಮೊದಲ ದಿನ ಫೋಟೊ ಆಯಿತು. ಎರಡನೇ ದಿನ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ, ಹೊರಗೆ ಓಡಾಡುವ ಹಾಗಿಲ್ಲ, ಸರಿ ಅಂತ ಊರಿನ ಮೇಲಿರುವ ಉಪ್ಪಿನ ಗಣಿಗೆ ಹೋದೆ.

ಅಲ್ಲಿಂದ ಬಂದ ಮೇಲೆ ನನಗೆ ಸರೋವರದ ನೆನಪೇ ಕಡಿಮೆ. ಗಣಿಯ ನೆನಪೇ ಜಾಸ್ತಿ.

ಒಳಗೆ ವರ್ಷವಿಡೀ ಸುಮಾರು 8 ಡಿಗ್ರಿ. ನಮ್ಮ ಬಟ್ಟೆಯ ಮೇಲೆ ಹಾಕಿಕೊಳ್ಳೋಕೆ ಒರಟು ಬಟ್ಟೆಯ ಅಂಗಿ, ಪ್ಯಾಂಟು ಕೊಡುತ್ತಾರೆ. ಕಿರಿದಾದ ಸುರಂಗದಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಗೋಡೆ ಬೆಳ್ಳಗಿರುತ್ತೆ ಅಂದುಕೊಂಡಿದ್ದೆ, ಇಲ್ಲ. ಕೆಂಪು, ಬೂದು, ಕಂದು ಎಲ್ಲ ಕಲಸಿ ತಿರುಚಿದ ಹಾಗೆ ಪಟ್ಟೆಪಟ್ಟೆ. ಬೆರಳು ಒತ್ತಿ ನಾಲಿಗೆಗೆ ಇಟ್ಟೆ. ಉಪ್ಪೇ. ಆಮೇಲೆ 64 ಮೀಟರ್ ಉದ್ದದ ಮರದ ಜಾರುದಾರಿ. ಗಣಿಯವರು ಒಂದು ಹಂತದಿಂದ ಕೆಳಗಿನ ಹಂತಕ್ಕೆ ಹೀಗೇ ಇಳಿಯುತ್ತಿದ್ದರಂತೆ.

ಕೊನೆಗೆ ಒಂದು ಕಡೆ ಮಂದ ಬೆಳಕಿನಲ್ಲಿ ಒಂದು ಮರದ ಮೆಟ್ಟಿಲು ತೋರಿಸಿದರು. ಅದರ ಮರ ಕಡಿದದ್ದು ಕ್ರಿ.ಪೂ. 1344 ಮತ್ತು 1343ರಲ್ಲಿ. ಅಂದಾಜಲ್ಲ, ಮರದ ಉಂಗುರ ಎಣಿಸಿ ಕಂಡುಹಿಡಿದ ವರ್ಷ! ಮೂರು ಸಾವಿರದ ಮುನ್ನೂರು ವರ್ಷಕ್ಕಿಂತ ಹಳೆಯದು, ಆದರೆ ನೋಡಿದರೆ ಯಾರೋ ಬಡಗಿ ಕಳೆದ ತಿಂಗಳು ಮಾಡಿಟ್ಟ ಹಾಗಿದೆ. ನಾನು ಅಲ್ಲೇ ನಿಂತುಬಿಟ್ಟೆ. ಗುಂಪು ಮುಂದೆ ಹೋಯಿತು, ಗೈಡ್ ವಾಪಸ್ ಬಂದು ಕರೆದರು.

ಅವತ್ತಿಂದ ತಲೆಯಲ್ಲಿ ಕೂತಿರುವ ಪ್ರಶ್ನೆಗಳು. ಬೆಟ್ಟದೊಳಗೆ ಉಪ್ಪು ಬಂದದ್ದು ಹೇಗೆ? ಅದನ್ನು ತೆಗೆಯೋದು ಹೇಗೆ, ಈಗಲೂ ತೆಗೀತಾರಾ? 800 ಜನರೂ ಇಲ್ಲದ ಊರಿನ ಹೆಸರನ್ನು ಯುರೋಪಿನ ಒಂದು ಇಡೀ ಕಾಲಕ್ಕೆ ಇಟ್ಟದ್ದು ಯಾಕೆ? ಇನ್ನೊಂದು ಪ್ರಶ್ನೆ ಸ್ವಲ್ಪ ಕಷ್ಟದ್ದು. ಇಷ್ಟು ಸಣ್ಣ ಊರಿಗೆ ನಾವೆಲ್ಲ ಹೀಗೆ ನುಗ್ಗುವುದು ಸರಿಯಾ? ಗೊತ್ತಿರುವವರು ಹೇಳಿ.

ಪದರಶಿಲೆ

ಬೆಟ್ಟದಹಾದಿ ಅವರೇ, ಕಲ್ಲು ಮಣ್ಣು ಓದಿದವನು ನಾನು, ಮೊದಲ ಎರಡು ಪ್ರಶ್ನೆ ನನಗೆ ಬಿಡಿ.

ಸುಮಾರು 25 ಕೋಟಿ ವರ್ಷದ ಹಿಂದೆ ಆ ಭಾಗ ಬಿಸಿಲು ಕಾಯುವ, ಆಳವಿಲ್ಲದ ಸಮುದ್ರ. ನೀರು ಆವಿಯಾಗುತ್ತಾ ಹೋಯಿತು, ಉಪ್ಪು ಉಳಿಯಿತು. ಜೊತೆಗೆ ಜಿಪ್ಸಮ್, ಜೇಡಿ. ಅದರ ಮೇಲೆ ಕೋಟಿಗಟ್ಟಲೆ ವರ್ಷ ಸುಣ್ಣಕಲ್ಲು ಕೂತಿತು. ಊರಿನ ಹಿಂದಿರುವ ಡಾಖ್‌ಸ್ಟೈನ್ ಬೆಟ್ಟಸಾಲು ಆ ಸುಣ್ಣಕಲ್ಲೇ, ತುದಿ 2,995 ಮೀಟರ್. ಆಮೇಲೆ ಆಲ್ಪ್ಸ್ ಎದ್ದಾಗ ಎಲ್ಲ ಒತ್ತಿ, ಮಡಿಚಿ, ಮೇಲೆ ಕೆಳಗೆ ಆಯಿತು.

ಈಗ ಒಂದು ವಿಷಯ ಗಮನಿಸಿ. ಒತ್ತಡ ಬಿದ್ದರೆ ಸುಣ್ಣಕಲ್ಲು ಒಡೆಯುತ್ತದೆ. ಉಪ್ಪು ಒಡೆಯುವುದಿಲ್ಲ, ಹರಿಯುತ್ತದೆ. ನಾದಿದ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಅದುಮಿದರೆ ಬೆರಳ ಸಂದಿಯಿಂದ ಹೊರಗೆ ಬರುತ್ತಲ್ಲ, ಹಾಗೆ. ಉಪ್ಪು, ಜೇಡಿ, ಜಿಪ್ಸಮ್ ಒಂದರೊಳಗೊಂದು ಕಲಸಿಕೊಂಡು ಮೇಲಕ್ಕೆ ತಳ್ಳಿಕೊಂಡು ಬಂದಿವೆ. ನೀವು ನೋಡಿದ ಪಟ್ಟೆ ಗೋಡೆ ಅದೇ. ಅಲ್ಲಿನ ಗಣಿಯವರು ಅದಕ್ಕೆ ಹಾಸೆಲ್‌ಗೆಬಿರ್ಗೆ ಅನ್ನುತ್ತಾರೆ.

ಈ ಕಲಬೆರಕೆಯೇ ಇಡೀ ಊರಿನ ಕಸುಬನ್ನು ತೀರ್ಮಾನ ಮಾಡಿದ್ದು. ಕಂಚಿನ ಯುಗ, ಕಬ್ಬಿಣ ಯುಗದವರು ಶುದ್ಧ ಉಪ್ಪಿನ ಪಟ್ಟಿಗಳನ್ನು ಹುಡುಕಿ ಗುದ್ದಲಿಯಿಂದ ಕಡಿದು ತೆಗೆದರು. ಆದರೆ ಹಾಗೆ ಸಿಗುವ ಉಪ್ಪು ಎಷ್ಟು? ಮಧ್ಯಯುಗದ ಹೊತ್ತಿಗೆ ದಾರಿ ಬದಲಾಯಿತು. ಬೆಟ್ಟದೊಳಗೆ ಒಂದು ಕೋಣೆ ಕೊರೆಯುತ್ತಾರೆ. ಸಿಹಿನೀರು ತುಂಬಿಸುತ್ತಾರೆ. ನೀರು ಉಪ್ಪನ್ನು ಕರಗಿಸಿಕೊಳ್ಳುತ್ತದೆ, ಕರಗದ ಜೇಡಿ ತಳಕ್ಕೆ ಇಳಿಯುತ್ತದೆ. ಇನ್ನು ಕರಗಿಸಲಾರೆ ಅನ್ನುವಷ್ಟು ತುಂಬಿದ ಮೇಲೆ, ಅಂದರೆ 100 ಕಿಲೊ ಉಪ್ಪುನೀರಲ್ಲಿ ಸುಮಾರು 26 ಕಿಲೊ ಉಪ್ಪಾದ ಮೇಲೆ, ತಿಳಿಯನ್ನು ಕೆಳಗಿಂದ ಹೊರಗೆ ಬಿಡುತ್ತಾರೆ. ಮತ್ತೆ ನೀರು. ಚಾವಣಿ ಕರಗುತ್ತಾ ಮೇಲೆ ಹೋಗುತ್ತದೆ, ತಳ ಜೇಡಿಯಿಂದ ತುಂಬುತ್ತಾ ಮೇಲೆ ಬರುತ್ತದೆ. ಹಾಗಾಗಿ ಕೋಣೆಯೇ ವರ್ಷದಿಂದ ವರ್ಷಕ್ಕೆ ಬೆಟ್ಟದೊಳಗೆ ಮೇಲಕ್ಕೆ ಹತ್ತುತ್ತಾ ಹೋಗುತ್ತದೆ! ನನಗೆ ಇದಕ್ಕಿಂತ ಚೆಂದದ ಗಣಿ ಕೆಲಸ ಗೊತ್ತಿಲ್ಲ.

ಈಗಲೂ ತೆಗೀತಾರೆ. ಈಗ ಜಾಸ್ತಿ ಕೊಳವೆ ಬಾವಿಗಳಿಂದ. ನೀರು ಒಳಗೆ ಹೋಗುತ್ತದೆ, ಉಪ್ಪುನೀರು ಹೊರಗೆ ಬರುತ್ತದೆ, ಪೈಪಿನಲ್ಲಿ ಎಬೆನ್‌ಸೇ ಅನ್ನುವ ಊರಿಗೆ ಹೋಗಿ ಅಲ್ಲಿ ಉಪ್ಪಾಗುತ್ತದೆ. ಹಾಲ್‌ಸ್ಟಾಟ್, ಬಾಡ್ ಇಶ್ಲ್, ಆಲ್ಟೌಸೇ, ಮೂರೂ ಗಣಿಗಳ ನೀರು ಅಲ್ಲಿಗೇ.

ನೂಲಿನೆಳೆ

ಪದರಶಿಲೆ ಸರ್, ತುಂಬಾ ಚೆನ್ನಾಗಿ ಹೇಳಿದಿರಿ. ನೀವು ಉಪ್ಪು ಹರಿಯುತ್ತೆ ಅಂದಿರಲ್ಲ, ನಾನು ಅದನ್ನೇ ಹಿಡಿದುಕೊಂಡು ಮುಂದಕ್ಕೆ ಹೇಳುತ್ತೇನೆ.

ಹಳೆಯ ಸುರಂಗಗಳಲ್ಲಿ ಜನ ಬಿಟ್ಟುಹೋದ ಕಸದ ಸುತ್ತ ಆ ಉಪ್ಪು ನಿಧಾನವಾಗಿ ಮುಚ್ಚಿಕೊಂಡಿತು. ಗಾಳಿಯಿಲ್ಲ, ತೇವ ಇಲ್ಲ, ಕೊಳೆಯಿಸುವ ಹುಳ ಇಲ್ಲ. ಬೇರೆ ಕಡೆ ಅಗೆದರೆ ಮಡಕೆ ಚೂರು, ಲೋಹ, ಎಲುಬು ಸಿಗುತ್ತದೆ. ಬಟ್ಟೆ ಸಿಗುವುದಿಲ್ಲ, ಮರ ಸಿಗುವುದಿಲ್ಲ, ಚರ್ಮ ಸಿಗುವುದಿಲ್ಲ. ಇಲ್ಲಿ ಅದೆಲ್ಲ ಇದೆ. ನಾನು ಮಗ್ಗದ ಕೆಲಸ ಮಾಡುವವಳು, ಹಾಲ್‌ಸ್ಟಾಟ್ ನನಗೆ ಗೊತ್ತಾದದ್ದೇ ಬಟ್ಟೆಯಿಂದ. ಸರೋವರ ಇದೆ ಅನ್ನುವುದು ಆಮೇಲೆ ಗೊತ್ತಾಯಿತು.

ಅಲ್ಲಿ ಉಣ್ಣೆ ಬಟ್ಟೆಯ ನೂರಾರು ತುಂಡು ಸಿಕ್ಕಿವೆ. ಬಣ್ಣ ಹಾಗೇ ಇದೆ. ನೀಲಿ, ಹಸಿರು, ಹಳದಿ. ನೀಲಿಗೆ ಅವರು ವೋಡ್ ಅನ್ನುವ ಗಿಡದ ಎಲೆ ಹುದುಗಿಸಿ ಬಣ್ಣ ತೆಗೆಯುತ್ತಿದ್ದರು. ಓರೆಗೆರೆ ಬರುವ ನೇಯ್ಗೆ, ಚೌಕುಳಿ, ತೂತಿರುವ ಸಣ್ಣ ಹಲಗೆಗಳನ್ನು ತಿರುಗಿಸಿ ನೇಯ್ದ ಅಂಚುಪಟ್ಟಿ. ಆ ಪಟ್ಟಿಯೊಂದರ ಫೋಟೊ ದೊಡ್ಡದು ಮಾಡಿ ನೋಡಿದ್ದೇನೆ. ಬೆರಳಿನಷ್ಟೂ ಅಗಲ ಇಲ್ಲ. ಅದರಲ್ಲಿ ಸಣ್ಣ ಚೌಕಗಳು, ಅಂಕುಡೊಂಕು ಗೆರೆ, ಒಂದೇ ಒಂದು ಎಳೆ ತಪ್ಪಿಲ್ಲ. ಕೈಮಗ್ಗದಲ್ಲಿ ಕೂತವರಿಗೆ ಗೊತ್ತು, ಹಾಗೆ ತಪ್ಪದೆ ಬರಬೇಕಾದರೆ ಎಷ್ಟು ವರ್ಷ ಕೈ ಪಳಗಿರಬೇಕು ಅಂತ.

ಇದೆಲ್ಲ ಗಣಿಗೆ ಬಂದದ್ದು ಚಿಂದಿಯಾಗಿ. ಹಳೆ ಬಟ್ಟೆ ಹರಿದು ಕಟ್ಟೋಕೆ, ಒರೆಸೋಕೆ ಬಳಸಿ ಎಸೆದಿದ್ದಾರೆ. ಎಸೆದದ್ದೇ ಇಷ್ಟು ಚೆಂದ ಇದ್ದರೆ ಮೈಮೇಲೆ ಉಟ್ಟದ್ದು ಹೇಗಿತ್ತೋ!

ಬೇರೆ ವಸ್ತುಗಳೂ ಇವೆ. ದನದ ಚರ್ಮದ ಬೆನ್ನುಚೀಲ. ಒಂದೇ ಭುಜಕ್ಕೆ ಪಟ್ಟಿ, ಇನ್ನೊಂದು ಕಡೆ ಕೈಯಲ್ಲಿ ಹಿಡಿಯೋಕೆ ಮರದ ಕೋಲು. ಉಪ್ಪಿನ ಚಕ್ಕೆ ತುಂಬಿಕೊಂಡು ಹೋಗಿ, ಕೋಲು ಬಿಟ್ಟರೆ ಸಾಕು, ಚೀಲ ತಾನೇ ಮಗುಚಿ ಖಾಲಿಯಾಗುತ್ತದೆ. ಬೆನ್ನಿಂದ ಇಳಿಸಬೇಕಾಗಿಲ್ಲ. ದಿನಕ್ಕೆ ನೂರು ಸಲ ಹೊತ್ತವರೇ ಯೋಚಿಸಿ ಮಾಡಿದ ವಸ್ತು ಅದು. ಬೆರಳಿಗೆ ಹಾಕಿಕೊಳ್ಳುವ ಚರ್ಮದ ಕುಲಾವಿ, ಗಣಿಯ ಕತ್ತಲೆಗೆ ಉರಿಸಿದ ಮರದ ಸೀಳುಗಳು ಲೆಕ್ಕವಿಲ್ಲದಷ್ಟು. ಮತ್ತೆ ಮಗುವಿನ ಅಳತೆಯ ಒಂದು ಚರ್ಮದ ಚಪ್ಪಲಿ. ಅದರ ಬಗ್ಗೆ ಜಾಸ್ತಿ ಬರೆಯೋಕೆ ಆಗುತ್ತಿಲ್ಲ ನನಗೆ.

ಬೆಟ್ಟದಹಾದಿ

ನೂಲಿನೆಳೆ ಅಕ್ಕಾ, ಮಗುವಿನ ಚಪ್ಪಲಿ ಅಂದರೆ... ಮಕ್ಕಳೂ ಒಳಗೆ ದುಡಿಯುತ್ತಿದ್ದರಾ?

ಹಳೆದಾಖಲೆ

ದುಡಿಯುತ್ತಿದ್ದರು. ಮೇಲಿನ ಕಣಿವೆಯಲ್ಲಿ ಸಿಕ್ಕ ಸಮಾಧಿಗಳ ಎಲುಬು ನೋಡಿದವರು ಇದನ್ನು ಬಿಡಿಸಿ ಹೇಳಿದ್ದಾರೆ. ಸ್ನಾಯು ಅಂಟಿಕೊಂಡ ಜಾಗದಲ್ಲಿ ಎಲುಬು ಸವೆದಿರುವ, ದಪ್ಪವಾಗಿರುವ ರೀತಿಯಿಂದ ಆ ಮನುಷ್ಯ ಜೀವನವಿಡೀ ಯಾವ ಕೆಲಸ ಮಾಡಿದ ಅಂತ ತಿಳಿಯುತ್ತದೆ. ಗಂಡಸರು ಗುದ್ದಲಿ ಬೀಸಿದವರು. ಹೆಂಗಸರು ಹೊತ್ತವರು, ಅದೂ ಒಂದೇ ಭುಜದ ಮೇಲೆ. ನೂಲಿನೆಳೆ ಹೇಳಿದ ಚೀಲಕ್ಕೂ ಇದಕ್ಕೂ ಸರಿಹೊಂದುತ್ತದೆ ನೋಡಿ. ಮಕ್ಕಳ ಎಲುಬಲ್ಲೂ ಭಾರ ಹೊತ್ತ ಗುರುತು ಇದೆ.

ಇನ್ನು ಹೆಸರಿನ ಪ್ರಶ್ನೆ. 1846ರಲ್ಲಿ ಗಣಿಯ ಮೇಲಧಿಕಾರಿ ಯೋಹಾನ್ ಗೆಯೋರ್ಗ್ ರಾಮ್‌ಸೌವರ್ ಅನ್ನುವವರಿಗೆ ಆ ಮೇಲಿನ ಕಣಿವೆಯಲ್ಲಿ ಜಲ್ಲಿ ತೆಗೆಯುವಾಗ ಅಸ್ಥಿಪಂಜರ ಸಿಕ್ಕಿತು. ಆ ಕಾಲದಲ್ಲಿ ಹಳೆ ಸಮಾಧಿ ಸಿಕ್ಕರೆ ಚಿನ್ನ ಎತ್ತಿಕೊಂಡು ಉಳಿದದ್ದು ಮುಚ್ಚುವವರೇ ಜಾಸ್ತಿ. ರಾಮ್‌ಸೌವರ್ ಹಾಗೆ ಮಾಡಲಿಲ್ಲ. 1863ರ ತನಕ, ಗಣಿಯ ಕೆಲಸದ ನಡುವೆ, 980 ಸಮಾಧಿ ತೆಗೆಸಿದರು. ಪ್ರತಿ ಸಮಾಧಿಗೂ ನಂಬರು, ಎಲುಬು ಹೇಗೆ ಮಲಗಿತ್ತು, ಬಳೆ ಎಲ್ಲಿತ್ತು, ಮಡಕೆ ಎಲ್ಲಿತ್ತು ಅಂತ ಟಿಪ್ಪಣಿ. ಇಸಿಡೋರ್ ಎಂಗ್ಲ್ ಅನ್ನುವ ಗಣಿ ಕೆಲಸಗಾರ ಅವನ್ನು ಜಲವರ್ಣದಲ್ಲಿ ಬರೆದರು. ಓದಿದ ಪುರಾತತ್ವ ವಿದ್ವಾಂಸರಲ್ಲ ಇವರು, ಉಪ್ಪಿನ ಗಣಿಯವರು. ಆ ಚಿತ್ರಗಳನ್ನು ಈಗ ನೋಡಿದರೂ ಒಂದು ಸಮಾಧಿಯನ್ನು ತಲೆಯಲ್ಲಿ ಮತ್ತೆ ಜೋಡಿಸಬಹುದು.

ಸಮಾಧಿಗಳಲ್ಲಿ ಬಾಲ್ಟಿಕ್ ಸಮುದ್ರದ ಅಂಬರ್ (ಕಲ್ಲಾದ ಮರದ ಅಂಟು) ಇತ್ತು, ಹಿಡಿಗೆ ದಂತ ಕೂಡಿಸಿದ ಕತ್ತಿ ಇತ್ತು, ಕಂಚಿನ ಪಾತ್ರೆಗಳು ಇದ್ದವು. ಬೆಟ್ಟದ ಮೇಲೆ, ಗದ್ದೆ ಇಲ್ಲದ ಜಾಗದಲ್ಲಿ ಇಷ್ಟು ಸಿರಿ ಎಲ್ಲಿಂದ ಬರಬೇಕು? ಉಪ್ಪಿನಿಂದ. ಚಳಿಗಾಲಕ್ಕೆ ಮಾಂಸ ಕೆಡದೆ ಉಳಿಯಬೇಕಾದರೆ ಉಪ್ಪು ಬೇಕು, ಅದು ಎಲ್ಲ ಕಡೆ ಸಿಗುವುದಿಲ್ಲ. ಈ ಥರದ ವಸ್ತುಗಳು ಯುರೋಪಿನ ಬೇರೆ ಬೇರೆ ಕಡೆ ಸಿಕ್ಕಾಗ ಎಲ್ಲರೂ ಹಾಲ್‌ಸ್ಟಾಟ್ ಜೊತೆ ಹೋಲಿಸಿ ನೋಡುವಂತಾಯಿತು. 1874ರಲ್ಲಿ ಸ್ವೀಡನ್ನಿನ ವಿದ್ವಾಂಸರೊಬ್ಬರು ಹಳೆಯ ಕಬ್ಬಿಣ ಯುಗಕ್ಕೆ ಈ ಊರಿನ ಹೆಸರೇ ಇಟ್ಟರು. ಸರಿಸುಮಾರು ಕ್ರಿ.ಪೂ. 800ರಿಂದ 450ರ ತನಕದ ಕಾಲ.

ನೇರಮಾತು

ಎಲ್ಲ ಓದಿದೆ, ಚೆನ್ನಾಗಿದೆ. ಆದರೆ ಒಂದು ಮಾತು ಹೇಳಲೇಬೇಕು. ನೀವೆಲ್ಲ ಸತ್ತವರ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನು ಹೋದಾಗ ನನಗೆ ಅದು ಊರು ಅನ್ನಿಸಲಿಲ್ಲ, ವಸ್ತುಸಂಗ್ರಹಾಲಯ ಅನ್ನಿಸಿತು. ಅಂಗಡಿ, ಹೋಟೆಲು, ಬಾಡಿಗೆ ಮನೆ, ಅಷ್ಟೇ. ಉಪ್ಪು ಈಗ ಹೆಸರಿಗೆ ಮಾತ್ರ. ಪ್ರವಾಸಿಗಳಿಂದಲೇ ಬದುಕುತ್ತಾ ಪ್ರವಾಸಿಗಳು ಬೇಡ ಅಂತ ಬೇಲಿ ಹಾಕಿದರೆ ಹೇಗೆ? ಬೇಸರ ಆದರೆ ಕ್ಷಮಿಸಿ, ಆದರೆ ಇದು ನನ್ನ ನಿಜವಾದ ಅಭಿಪ್ರಾಯ.

ದಾನ್ಯೂಬ್‌ದಂಡೆ

ನೇರಮಾತು ಅವರೇ, ನಾನು ಒಂಬತ್ತು ವರ್ಷದಿಂದ ಲಿಂಜ್‌ನಲ್ಲಿದ್ದೇನೆ, ಹಾಲ್‌ಸ್ಟಾಟ್ ನಮಗೆ ಹೋಗಿ ಬರುವಷ್ಟು ಹತ್ತಿರ. ಬೇಲಿಯ ವಿಷಯ ಹೇಳುತ್ತೇನೆ, ಕೇಳಿ.

ಊರಿನ ಜನಸಂಖ್ಯೆ 800ಕ್ಕಿಂತ ಕಡಿಮೆ. ದಟ್ಟಣೆಯ ದಿನ 10,000 ಜನ ಬರುತ್ತಾರೆ. ಒಂದು ಮನೆಯಲ್ಲಿ ನಾಲ್ಕು ಜನ ಇದ್ದು ದಿನಾ ಐವತ್ತು ಜನ ಒಳಗೆ ಬಂದು ಹೋದ ಹಾಗೆ. ಅದೂ ಜಾಗ ಎಲ್ಲಿದೆ ಅಲ್ಲಿ? ಒಂದು ಕಡೆ ಸರೋವರ, ಇನ್ನೊಂದು ಕಡೆ ಬೆಟ್ಟ, ನಡುವೆ ಒಂದೇ ಕಿರುರಸ್ತೆ. 1890ರ ತನಕ ಆ ರಸ್ತೆಯೂ ಸರಿಯಾಗಿ ಇರಲಿಲ್ಲ, ದೋಣಿ ಇಲ್ಲಾ ಕಾಲುದಾರಿ. ರೈಲು ನಿಲ್ದಾಣ ಇವತ್ತಿಗೂ ಆಚೆ ದಡದಲ್ಲೇ ಇದೆ, ಇಳಿದು ದೋಣಿ ಹತ್ತಬೇಕು.

2023ರಲ್ಲಿ ಫೋಟೊ ತೆಗೆಯುವ ಜಾಗಕ್ಕೆ ಹಲಗೆ ಅಡ್ಡ ಕಟ್ಟಿದರು, ಆ ಜಾಗದಲ್ಲಿ ಸದಾ ಗಲಾಟೆ, ಅಕ್ಕಪಕ್ಕ ಇರುವವರಿಗೆ ನಿದ್ದೆ ಇಲ್ಲ. ಟೀಕೆ ಬಂದ ಮೇಲೆ ಬೇಗ ತೆಗೆದರು. ಅದೇ ಆಗಸ್ಟಿನಲ್ಲಿ ಊರವರು ಸುರಂಗದ ರಸ್ತೆಗೆ ಅಡ್ಡ ನಿಂತು ಪ್ರತಿಭಟನೆ ಮಾಡಿದರು. ಪ್ರವಾಸಿಗಳೇ ಬೇಡ ಅಂತ ಅವರು ಹೇಳಲಿಲ್ಲ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರಲಿ, ಸಂಜೆ ಐದರ ಮೇಲೆ ಪ್ರವಾಸಿ ಬಸ್ ಬೇಡ ಅಂತ ಕೇಳಿದರು. ಸಂಜೆಯಾದರೂ ಊರು ನಮ್ಮದಾಗಿರಲಿ ಅಂತ ಕೇಳುವುದು ತಪ್ಪಾ? ಬಸ್ಸುಗಳಿಗೆ ಮೊದಲೇ ಸಮಯ ಕಾದಿರಿಸುವ ನಿಯಮ 2020ರಿಂದಲೇ ಇದೆ, ಆದರೂ ಸಾಲುತ್ತಿಲ್ಲ.

ಈ ಬಸ್ ಪ್ರವಾಸದ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ. ನಮ್ಮ ಅತ್ತೆ ಮಾವ ಬಂದಾಗ ನನಗೆ ರಜೆ ಇರಲಿಲ್ಲ, ಒಂದು ಪ್ರವಾಸ ಕಂಪನಿಯ ಬಸ್ಸಿನಲ್ಲಿ ಕಳಿಸಿದೆ. ಅಲ್ಲಿ ಇಳಿಸಿ ಐವತ್ತೇ ನಿಮಿಷ ಕೊಟ್ಟರಂತೆ. ಮಾವನಿಗೆ ಮಂಡಿನೋವು. ಚೌಕದ ತನಕ ನಡೆದು, ಶೌಚಾಲಯದ ಸಾಲಿನಲ್ಲಿ ನಿಂತು, ವಾಪಸ್ ಬಸ್ಸಿಗೆ ಬರುವಷ್ಟರಲ್ಲಿ ಸಮಯ ಮುಗಿದಿತ್ತು. ಅಲ್ಲಿ ಉಪ್ಪಿನ ಗಣಿ ಇದೆ ಅನ್ನುವುದನ್ನೇ ಅವರಿಗೆ ಯಾರೂ ಹೇಳಿರಲಿಲ್ಲ. ಅವರಿಗೂ ಏನೂ ಸಿಗಲಿಲ್ಲ, ಊರಿಗೂ ಏನೂ ಸಿಗಲಿಲ್ಲ.

ಒಂದು ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಬದುಕು ಈಗ ಜಾಸ್ತಿ ಪ್ರವಾಸದಿಂದಲೇ. ಆದರೆ ಅದಕ್ಕೇ ಅಲ್ವಾ ಅಲ್ಲಿ ಬದುಕುವವರ ಮಾತು ಮೊದಲು ಕೇಳಬೇಕಾದದ್ದು.

ನೇರಮಾತು

ಸಂಜೆ ಐದರ ವಿಷಯ ಗೊತ್ತಿರಲಿಲ್ಲ. ಬೇಲಿ ಸುದ್ದಿ ಮಾತ್ರ ಓದಿದ್ದೆ. ಮಾವನವರಿಗೆ ಹಾಗಾದದ್ದು ಕೇಳಿ ಬೇಜಾರಾಯಿತು. ಆದರೆ ಚೀನಾದಲ್ಲಿ ಇದೇ ಊರಿನ ನಕಲು ಕಟ್ಟಿದ್ದಾರೆ, 2012ರಲ್ಲಿ ಗ್ವಾಂಗ್‌ಡಾಂಗ್‌ನಲ್ಲಿ. ಚರ್ಚು, ಚೌಕ, ಸರೋವರ ಎಲ್ಲ ಹಾಗೇ. ಊರು ಅಂದರೆ ನೋಡೋಕೆ ಹೀಗಿದ್ದರೆ ಸಾಕು ಅಂತ ಆಗಿಬಿಟ್ಟಿದೆ, ನಾನು ಹೇಳಬೇಕೆಂದಿದ್ದದ್ದು ಅದನ್ನೇ.

ಹಳೆದಾಖಲೆ

ಚೌಕದ ನಕಲು ಮಾಡಬಹುದು, ಸರಿ. ಚೌಕ ಅಷ್ಟೇನೂ ಹಳೆಯದಲ್ಲ. 1750ರಲ್ಲಿ ಬೆಂಕಿ ಬಿದ್ದು ಊರಿನ ನಡುಭಾಗ ಸುಟ್ಟುಹೋಯಿತು, ಈಗ ಫೋಟೊದಲ್ಲಿ ಕಾಣುವ ಎಷ್ಟೋ ಮನೆಗಳು ಆಮೇಲೆ ಕಟ್ಟಿದವು. ನಕಲು ಮಾಡಲಾಗದ್ದು ಬೆಟ್ಟದೊಳಗಿದೆ, ಬೆಟ್ಟದ ಸುತ್ತ ಇದೆ.

ಒಂದು ಉದಾಹರಣೆ. ಉಪ್ಪುನೀರು ಕಾಯಿಸೋಕೆ ಸೌದೆ ಬೇಕು. ಹಾಲ್‌ಸ್ಟಾಟ್ ಸುತ್ತಲಿನ ಕಾಡು ಸಾಲದಾಯಿತು. ಕಾಡನ್ನು ನೀರಿನ ಹತ್ತಿರ ತರಲಾಗದು, ನೀರನ್ನೇ ಕಾಡಿರುವ ಕಡೆ ಕಳಿಸೋಣ ಅಂದರು. 1595ರಲ್ಲಿ ಶುರು ಮಾಡಿ 1607ರಲ್ಲಿ ಮುಗಿಸಿದರು. ಹಾಲ್‌ಸ್ಟಾಟ್‌ನಿಂದ ಎಬೆನ್‌ಸೇ ತನಕ 40 ಕಿಲೋಮೀಟರ್ ಕೊಳವೆ. ಕಬ್ಬಿಣದ್ದಲ್ಲ. 13,000 ಮರದ ದಿಮ್ಮಿ, ಒಂದೊಂದನ್ನೂ ಉದ್ದಕ್ಕೆ ಕೊರೆದು ಟೊಳ್ಳು ಮಾಡಿ, ಒಂದರ ಬಾಯಿಗೆ ಇನ್ನೊಂದರ ತುದಿ ಸಿಕ್ಕಿಸಿ, ಬೆಟ್ಟದ ಮೈಗುಂಟ ನೀರು ತಾನೇ ಇಳಿಯುವ ಹಾಗೆ ವಾಟ ಹಿಡಿದು ಹಾಕಿದರು. ಪಂಪು ಇಲ್ಲ. ಆ ದಾರಿಯಲ್ಲಿ ಇವತ್ತೂ ನಡೆಯಬಹುದು, ಪೈಪಿನ ಪಕ್ಕದಲ್ಲೇ. ಬರೀ ಲೋಹದ, ಪ್ಲಾಸ್ಟಿಕ್ಕಿನ ಪೈಪು ಅಂತ ದಾಟಿ ಹೋಗಬೇಡಿ, 400 ವರ್ಷದಿಂದ ಆ ಬೆಟ್ಟದ ಉಪ್ಪುನೀರು ಆ ಕಡೆಗೇ ಹರಿಯುತ್ತಿದೆ.

ಚೆಂದದ ಕಥೆ ಮಾತ್ರ ಹೇಳಿದರೆ ಅನ್ಯಾಯ ಆಗುತ್ತದೆ, ಅದಕ್ಕೆ ಇದನ್ನೂ ಹೇಳುತ್ತೇನೆ. ಆ ಕಡೆಯ ಗಣಿಯವರಲ್ಲಿ, ಮರ ಕಡಿಯುವವರಲ್ಲಿ ತುಂಬಾ ಜನ ಗುಟ್ಟಾಗಿ ಪ್ರೊಟೆಸ್ಟೆಂಟ್ ನಂಬಿಕೆಯವರು. ದೊರೆಯದು ಕ್ಯಾಥೊಲಿಕ್ ಧರ್ಮ. 1734ರಲ್ಲಿ, ಆರನೇ ಚಾರ್ಲ್ಸ್ ಕಾಲದಲ್ಲಿ, ಹಾಲ್‌ಸ್ಟಾಟ್ ಇರುವ ಸಾಲ್ಜ್‌ಕಾಮರ್‌ಗುಟ್ ಪ್ರದೇಶದಿಂದ ಅಂಥ ಕುಟುಂಬಗಳನ್ನು ದೋಣಿ ಹತ್ತಿಸಿ ದೂರದ ಟ್ರಾನ್ಸಿಲ್ವೇನಿಯಾಗೆ (ಈಗಿನ ರೊಮೇನಿಯಾದಲ್ಲಿದೆ) ಸಾಗಿಸಿದರು. ತಲೆಮಾರುಗಳಿಂದ ಆ ಬೆಟ್ಟದ ಉಪ್ಪು ಉಂಡವರು. 1781ರಲ್ಲಿ ಧರ್ಮ ಸಹನೆಯ ಆದೇಶ ಬರುವ ತನಕ ಉಳಿದವರು ಬಾಯಿ ಮುಚ್ಚಿಕೊಂಡೇ ಬದುಕಬೇಕಾಯಿತು. ಇವತ್ತು ಸರೋವರದ ಅಂಚಿನಲ್ಲಿ ಚೂಪು ಗೋಪುರದ ಚರ್ಚು ಕಾಣುತ್ತದಲ್ಲ, ಎಲ್ಲರ ಫೋಟೊದಲ್ಲೂ ಇರುವುದು, ಅದು ಪ್ರೊಟೆಸ್ಟೆಂಟರದು. 19ನೇ ಶತಮಾನದ ನಡುವಿನ ಮೇಲೆ, ಸಮಾನ ಹಕ್ಕು ಸಿಕ್ಕಿದ ನಂತರ ಕಟ್ಟಿದ್ದು. ಮೇಲೆ ಬಂಡೆಗೆ ಅಂಟಿಕೊಂಡಿರುವುದು ಕ್ಯಾಥೊಲಿಕ್ ಚರ್ಚು.

ಅದೇ 1734ರಲ್ಲಿ ಗಣಿಯೊಳಗೆ ಒಂದು ಶವ ಸಿಕ್ಕಿತು. ಉಪ್ಪಿನೊಳಗೆ ಒತ್ತಿ ಚಪ್ಪಟೆಯಾಗಿ, ಬಂಡೆಯ ಜೊತೆ ಬೆಸೆದುಕೊಂಡ ಹಾಗೆ. ಬಹಳ ಹಿಂದಿನ ಗಣಿಗಾರ. ಹೊರಗೆ ತೆಗೆದು ಹೂತರು. ಈಗ ಸಿಕ್ಕಿದ್ದರೆ ಏನೇನು ತಿಳಿಯುತ್ತಿತ್ತೋ.

ಅಡುಗೆಮನೆಬೆಳಕು

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ, ಊಟದ ವಿಷಯ ಯಾರೂ ಎತ್ತಲಿಲ್ಲ! ಆ ಗಣಿಯಲ್ಲಿ ಕೆಲಸ ಮಾಡುವ ಜಾಗದಲ್ಲೇ ಜನ ಮಲ ವಿಸರ್ಜನೆ ಮಾಡಿದ್ದಾರೆ, ಅದೂ ಉಪ್ಪಿನಲ್ಲಿ ಉಳಿದಿದೆ. ಒರೆಸಿಕೊಳ್ಳೋಕೆ ಅಗಲ ಎಲೆ ಬಳಸಿದ್ದರು, ಆ ಎಲೆಯೂ ಉಳಿದಿದೆ. ಓದುವಾಗ ಮುಖ ಸಿಂಡರಿಸಬೇಡಿ. ಅವರು ಏನು ತಿಂದರು ಅಂತ ಗೊತ್ತಾದದ್ದು ಅದರಿಂದಲೇ. ಬಾರ್ಲಿ, ನವಣೆ ಜಾತಿಯ ಸಿರಿಧಾನ್ಯ, ದಪ್ಪ ಅವರೆಯಂಥ ಕಾಳು. ಮಾಂಸದ ಚೂರು ಸೇರಿಸಿ ಒಟ್ಟಿಗೆ ಬೇಯಿಸಿದ ಗಟ್ಟಿ ಗಂಜಿ. ಬಾರ್ಲಿ, ಕಾಳು, ಮಾಂಸದ ಆ ಥರದ ಅಡುಗೆ ಆಸ್ಟ್ರಿಯಾದಲ್ಲಿ ಇವತ್ತಿಗೂ ಇದೆ, ರಿಟ್ಶರ್ಟ್ ಅಂತ.

2021ರಲ್ಲಿ ಇನ್ನೊಂದು ಹೊರಬಂತು. ಸುಮಾರು 2,700 ವರ್ಷ ಹಳೆಯ ಮಾದರಿಯಲ್ಲಿ ನೀಲಿ ಚೀಸ್ ಮಾಡುವ ಬೂಷ್ಟು ಮತ್ತು ಬಿಯರ್ ಹುದುಗಿಸುವ ಯೀಸ್ಟ್, ಎರಡರದ್ದೂ ಡಿಎನ್‌ಎ ಸಿಕ್ಕಿತು. ಅಂದರೆ ಹಾಲನ್ನು ಹದ ಮಾಡಿ ಬೂಷ್ಟು ಹಿಡಿಸಿ ಚೀಸ್ ಮಾಡುವ ಕೈ ಅವರಿಗಿತ್ತು. ಹುದುಗು ಅನ್ನುವುದು ಒಂದು ದಿನದಲ್ಲಿ ಕಲಿಯುವಂಥದ್ದಲ್ಲ. ಎಷ್ಟು ಸಲ ಕೆಟ್ಟು, ಎಷ್ಟು ಸಲ ಚೆಲ್ಲಿ, ಇಷ್ಟು ದಿನ ಇಟ್ಟರೆ ಸರಿ ಅಂತ ಯಾರೋ ಕಂಡುಕೊಂಡಿರಬೇಕು. ಕತ್ತಿ, ಚಿನ್ನಕ್ಕಿಂತ ನನಗೆ ಇದು ದೊಡ್ಡದು.

ದಾನ್ಯೂಬ್‌ದಂಡೆ

ಸತ್ತವರ ಬಗ್ಗೆಯೇ ಮಾತು ಅಂದರಲ್ಲ ನೇರಮಾತು, ಇದು ಸತ್ತವರದೂ ಹೌದು, ಬದುಕಿರುವವರದೂ ಹೌದು. ಕ್ಯಾಥೊಲಿಕ್ ಚರ್ಚಿನ ಹಿಂದೆ ಸಣ್ಣ ಸ್ಮಶಾನ ಇದೆ. ಬಂಡೆ ಕಡಿದು ಜಾಗ ಮಾಡಿದ್ದು, ಇನ್ನು ಅಗಲಿಸೋಕೆ ಆಗುವುದಿಲ್ಲ. ಹಾಗಾಗಿ ಹತ್ತು ಹದಿನೈದು ವರ್ಷ ಆದ ಮೇಲೆ ಸಮಾಧಿ ತೆರೆದು, ತಲೆಬುರುಡೆ ತೊಳೆದು, ಬಿಸಿಲಲ್ಲಿ ಒಣಗಿಸಿ, ಹಣೆಯ ಮೇಲೆ ಹೆಸರು ಬರೆದು, ಸುತ್ತ ಹೂವಿನ ಮಾಲೆಯೋ ಎಲೆಯ ಮಾಲೆಯೋ ಚಿತ್ರಿಸಿ, ಪಕ್ಕದ ಕೋಣೆಯಲ್ಲಿ ಮನೆತನದ ಪ್ರಕಾರ ಸಾಲಾಗಿ ಇಡುತ್ತಿದ್ದರು. 1,200 ಬುರುಡೆ ಇವೆ, ಅರ್ಧಕ್ಕೂ ಜಾಸ್ತಿಗೆ ಬಣ್ಣ ಇದೆ. ಕೊನೆಯದು 1995ರಲ್ಲಿ ಸೇರಿದ್ದು. 1983ರಲ್ಲಿ ತೀರಿಕೊಂಡ ಒಬ್ಬ ಹೆಂಗಸು, ತನ್ನನ್ನೂ ಇಲ್ಲೇ ಇಡಿ ಅಂತ ಕೇಳಿಕೊಂಡಿದ್ದರಂತೆ. ಅವರ ಬುರುಡೆಯಲ್ಲಿ ಒಂದು ಚಿನ್ನದ ಹಲ್ಲು ಇದೆ.

ನಾನು ಹೋದಾಗ ಹೊರಗೆ ಒಬ್ಬ ಅಜ್ಜಿ ಸಮಾಧಿಯ ಗಿಡಗಳಿಗೆ ನೀರು ಹಾಕುತ್ತಿದ್ದರು. ಜನ ಅವರ ಪಕ್ಕದಲ್ಲೇ ಫೋಟೊಗೆ ನಿಲ್ಲುತ್ತಿದ್ದರು. ಅವರು ತಲೆ ಎತ್ತಲಿಲ್ಲ, ಒಂದೊಂದು ಗಿಡದ ಬುಡಕ್ಕೂ ನಿಧಾನವಾಗಿ ಸುರಿದು, ಕ್ಯಾನು ಮತ್ತೆ ತುಂಬಿಕೊಂಡು ಬಂದರು. ಬೆಟ್ಟದಹಾದಿ ಕೇಳಿದ ಕಷ್ಟದ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಹೋಗಿ, ಆದರೆ ಕಾರು ಬಿಟ್ಟು ರೈಲಿನಲ್ಲಿ ಹೋಗಿ, ಜೂನ್–ಆಗಸ್ಟ್ ಬಿಟ್ಟು ಹೋಗಿ, ಒಂದು ರಾತ್ರಿಯಾದರೂ ಉಳಿಯಿರಿ, ಅಲ್ಲೇ ಊಟ ಮಾಡಿ. ಯಾರ ಮನೆಯ ಮೆಟ್ಟಿಲಲ್ಲೂ ಕೂರಬೇಡಿ, ಡ್ರೋನ್ ಹಾರಿಸಬೇಡಿ. ಹೊರಡುವ ಮೊದಲು ಗಣಿ ಮತ್ತು ಬೆಟ್ಟದ ರೈಲು ತೆರೆದಿದೆಯಾ ಅಂತ ನೋಡಿಕೊಳ್ಳಿ, ಚಳಿಗಾಲದಲ್ಲಿ ಮುಚ್ಚುವುದುಂಟು.

ಪದರಶಿಲೆ

ಪಕ್ಕದ ಆಲ್ಟೌಸೇ ಗಣಿಯನ್ನೂ ಪಟ್ಟಿಗೆ ಸೇರಿಸಿ. ಯುದ್ಧದ ಕೊನೆಗೆ ನಾತ್ಸಿಗಳು ಕದ್ದ ಸಾವಿರಾರು ಕಲಾಕೃತಿಗಳನ್ನು ಅಲ್ಲಿಟ್ಟಿದ್ದರು. ಒಣ ಗಾಳಿ, ಒಂದೇ ಸಮನಾದ ತಂಪು, ಬಟ್ಟೆ ಉಳಿಸಿದ ಅದೇ ಗುಣ. ಮೈಕೆಲೇಂಜಲೊ ಕೆತ್ತಿದ ಬ್ರೂಜ್‌ನ ಮಡೋನಾ ಅಲ್ಲಿತ್ತು. 1945ರ ವಸಂತದಲ್ಲಿ ಗಣಿಯನ್ನೇ ಉಡಾಯಿಸೋಕೆ ದೊಡ್ಡ ಬಾಂಬುಗಳನ್ನು ಅಮೃತಶಿಲೆ ಅಂತ ಬರೆದ ಪೆಟ್ಟಿಗೆಗಳಲ್ಲಿ ಒಳಗೆ ಸಾಗಿಸಿದ್ದರು. ಗಣಿಯವರು ಅವನ್ನು ರಾತ್ರಿ ಹೊರಗೆ ತಂದು ಹಾಕಿ, ಸುರಂಗದ ಬಾಯಿ ಮುಚ್ಚಿ ಕಾಪಾಡಿದರು. ಗಣಿ ಹೋದರೆ ಅವರ ಅನ್ನವೂ ಹೋಗುತ್ತಿತ್ತು ಅನ್ನುವುದೂ ನಿಜ.

ನೂಲಿನೆಳೆ

ಬೆಟ್ಟದಹಾದಿ, ನಿಮ್ಮನ್ನು ಒಂದು ಕೇಳಬೇಕಿತ್ತು. ನಾನು ಇನ್ನೂ ಅಲ್ಲಿಗೆ ಹೋಗಿಲ್ಲ, ಹೋಗುತ್ತೇನೋ ಇಲ್ಲವೋ. ಆ ಮೆಟ್ಟಿಲನ್ನು ಹತ್ತಿರದಿಂದ ನೋಡಿದಿರಲ್ಲ. ಹಲಗೆಗಳನ್ನು ಹೇಗೆ ಕೂಡಿಸಿದ್ದಾರೆ? ಮೊಳೆ ಇದೆಯಾ?

ಬೆಟ್ಟದಹಾದಿ

ಅಕ್ಕಾ, ಒಂದೂ ಮೊಳೆ ಇಲ್ಲ.

ಎರಡು ಬದಿಗೂ ಒಂದೊಂದು ದಪ್ಪ ದಿಮ್ಮಿ. ದಿಮ್ಮಿಯ ಒಳಮೈಯಲ್ಲಿ ಉದ್ದಕ್ಕೂ ಒಂದು ತೋಡು ಕೊರೆದಿದ್ದಾರೆ. ಮೆಟ್ಟಿಲ ಹಲಗೆಯ ಎರಡೂ ತುದಿ ಆ ತೋಡಿನಲ್ಲಿ ಕೂರುತ್ತದೆ, ಹಲಗೆ ಹಲಗೆಯ ನಡುವೆ ಅಡ್ಡ ತುಂಡು ಇಟ್ಟು ದೂರ ಕಾಯ್ದಿದ್ದಾರೆ. ಇದರಿಂದ ಏನಾಗುತ್ತೆ ಅಂದರೆ, ದಿಮ್ಮಿಯನ್ನು ಕಡಿದಾಗಿ ನಿಲ್ಲಿಸಿದರೂ, ಓರೆಯಾಗಿ ಮಲಗಿಸಿದರೂ ಹಲಗೆಯನ್ನು ಹೊಂದಿಸಿಕೊಂಡು ಕಾಲಿಡುವ ಜಾಗ ಮಟ್ಟಸವಾಗಿ ಇಟ್ಟುಕೊಳ್ಳಬಹುದು. ಬೇಕಾದರೆ ಬಿಚ್ಚಿ ಇನ್ನೊಂದು ಕಡೆ ಸಾಗಿಸಬಹುದು. ಅಗಲ ಒಂದು ಮೀಟರಿಗಿಂತ ಜಾಸ್ತಿ, ಒಬ್ಬರು ಹೊತ್ತುಕೊಂಡು ಹತ್ತುವಾಗ ಇನ್ನೊಬ್ಬರು ಪಕ್ಕದಲ್ಲೇ ಇಳಿಯಬಹುದು.

ಗೈಡ್ ಇನ್ನೊಂದು ಹೇಳಿದರು, ಪದರಶಿಲೆ ಸರ್ ಬರೆದದ್ದು ಓದಿದ ಮೇಲೆ ಈಗ ಅರ್ಥ ಆಗುತ್ತಿದೆ. ಮೆಟ್ಟಿಲನ್ನು ಸಿಕ್ಕಿದ ಜಾಗದಲ್ಲೇ ಬಿಡಲು ಆಗಲಿಲ್ಲ. ಉಪ್ಪಿನ ಬೆಟ್ಟ ಈಗಲೂ ಒತ್ತುತ್ತಲೇ ಇದೆ, ಮರ ಬಿರಿಯುತ್ತಿತ್ತು. ಅದಕ್ಕೆ ವಿಯೆನ್ನಾದ ಪ್ರಕೃತಿ ವಿಜ್ಞಾನ ಸಂಗ್ರಹಾಲಯದವರು ಒಂದೊಂದೇ ಹಲಗೆ ಬಿಚ್ಚಿ, ಮತ್ತೆ ಗಣಿಯೊಳಗೇ ಬೇರೆ ಜಾಗದಲ್ಲಿ ಜೋಡಿಸಿದರು. ಅದನ್ನು ಮಾಡಿದವರ ಕಾಲದಿಂದಲೂ ಬಿಚ್ಚಿ ಜೋಡಿಸೋಕೆ ಅಂತಲೇ ಮಾಡಿದ ಮೆಟ್ಟಿಲು, ಹಾಗಾಗಿ ಬಿಚ್ಚಿಸಿಕೊಂಡಿತು.

ಹಲಗೆಗಳ ನಡುಭಾಗ ಸ್ವಲ್ಪ ಸವೆದ ಹಾಗೆ ಕಂಡಿತು ನನಗೆ, ಬೆಳಕು ಕಡಿಮೆ ಇತ್ತು. ಅಕ್ಕಾ, ನವೆಂಬರಿಗೆ ಅಮ್ಮನ ಜೊತೆ ಮತ್ತೆ ಹೋಗುತ್ತಿದ್ದೇನೆ, ರೈಲಿನಲ್ಲಿ, ಮೂರು ರಾತ್ರಿ. ಗಣಿ ತೆರೆದಿದ್ದರೆ ಈ ಸಲ ಎಲ್ಲರಿಗಿಂತ ಹಿಂದೆ ನಿಂತು ಸರಿಯಾಗಿ ನೋಡಿಕೊಂಡು ಬಂದು ಹೇಳುತ್ತೇನೆ. ವಿಯೆನ್ನಾದಲ್ಲಿ ಆ ಬಟ್ಟೆಗಳನ್ನು ನೋಡೋಕೆ ಸಿಕ್ಕರೆ ಅಂಚುಪಟ್ಟಿಯ ಎಳೆ ಎಣಿಸಿಕೊಂಡು ಬರುತ್ತೇನೆ. ಯಾವ ಕಡೆಯಿಂದ ಎಣಿಸಬೇಕು ಅಂತ ಮಾತ್ರ ಮೊದಲೇ ಹೇಳಿಕೊಡಿ.